ಗುರುವಾರದ ಹುಲ್ಲು

ಜೀಪಿನ ಬಾನೆಟ್ ಮೇಲೆ ಹರವಿದ್ದ ಫೋಟೋದಲ್ಲಿ ಭರಮು ತನ್ನನ್ನೇ ಹುಡುಕುತ್ತಿದ್ದ. ಆಕಾಶದಲ್ಲಿ ತಿರುಗುವ ಉಪಗ್ರಹ ಬೇಸಿಗೆಯಲ್ಲಿ ತೆಗೆದ ಫೋಟೋ ಅದು. ತನ್ನೂರು ಅನಂತಪುರದ ಸುತ್ತಿನ ಕಬ್ಬು, ದ್ರಾಕ್ಷಿಯೆಲ್ಲ ಅದರಲ್ಲಿ ಕೆಂಪಗೆ, ಕುಂಕುಮದ ಭರಣಿ ಉರುಳಿಬಿದ್ದ ಹಾಗೆ. ಊರಿನ ಕುರಿಗಳು ಮೇಯುವ ಸರಕಾರಿ ದಿಬ್ಬ, ಗಾಯರಾನ ಮಡ್ಡಿ ಮಾತ್ರ ಒಲೆಯ ಬೂದಿಯ ಬಣ್ಣ.

"ಬಾಯಾರ, ಹಸರ ಇದ್ದದ್ದು ಕೆಂಪ ಕಾಣತೈತಿ ಅಂದ್ರ, ನಾ ಇದರಾಗ ಹ್ಯಾಂಗ ಕಾಣತೇನ್ರಿ? ಹೀರೋನಂಗ ಏನ್ರಿ?"

"ನೀ ಕಾಣೂದs ಇಲ್ಲಪಾ," ಅಂದರು ಧಾರವಾಡದಿಂದ ಬಂದಿದ್ದ ಅಧಿಕಾರಿ ಹೆಣ್ಣುಮಗಳು, ಊರವರ ಬಾಯಲ್ಲಿ ಬಾಯಾರು. "ಅಷ್ಟ ಮ್ಯಾಲಿಂದ ನೋಡಿದ್ರ ನೀನೂ ಇಲ್ಲ, ನಾನೂ ಇಲ್ಲ."

ಜಿಲ್ಲೆಯಲ್ಲಿ ಯಾವ ನೆಲ ಕಾಡು, ಯಾವುದು ಬೆಳೆ, ಯಾವುದು ಬಂಜರು ಎಂದು ನಕಾಶೆ ಮಾಡುವುದು ಅವರ ಕೆಲಸ. ಬಿಸಿಲು ನೆಲ ಮುಟ್ಟದ ಖಾನಾಪುರದ ಕಾಡು ಮುಗಿಸಿ, ಈಗ ಅಥಣಿ ಕಡೆ ಬಂದಿದ್ದರು. "ಅಲ್ಲಿ ಕಾಡೂ ಕೆಂಪs, ಇಲ್ಲಿ ಕಬ್ಬೂ ಕೆಂಪs. ಫೋಟೋ ಒಂದs ನಂಬಿದ್ರ ಮೋಸ ಹೋಗ್ತೀವಿ. ಅದಕ್ಕs ಕೆಳಗ ಇಳಿದು ನೋಡೂದು. ನಿಮ್ಮ ಮಡ್ಡಿ ಬಂಜರು ಅಂತ ಕಾಣ್ತದ. ಆದ್ರ ಇದು ಬ್ಯಾಸಿಗಿ ಫೋಟೋ. ಗುರುವಾರ ಬಂದು ನೆಲ ನೋಡಿ ಬರೀತೀನಿ."

ಪಕ್ಕದಲ್ಲಿ ಬುಲೆಟ್ ನಿಲ್ಲಿಸಿಕೊಂಡು ನಿಂತಿದ್ದ ದ್ರಾಕ್ಷಿ ತೋಟದ ದಾದಾಸಾಹೇಬ ನಕ್ಕ. "ಗುರುವಾರತನಕ ಯಾಕ್ರಿ ತ್ರಾಸ ತಗೋತೀರಿ? ಬಂಜರಂತ ಇವತ್ತs ಬರದಬಿಡ್ರಿ. ಬಂಜರಿದ್ರ ಸರಕಾರ ಬೆಳಿ ತಗ್ಯಾಕ ಲಾಗವಡಿಗೆ ಕೊಡತೈತಿ. ನಾ ದ್ರಾಕ್ಷಿ ಹಚ್ಚತೇನಿ. ನಿಮ್ಮ ಫೋಟೋದಾಗ ಕೆಂಪ ಆಕ್ಕೈತಿ, ಚಂದ ಕಾಣತೈತಿ!"

ಭರಮು ಅಂಗಿಯ ಕಾಲರ್ ಎತ್ತಿದ. ಖಳನಾಯಕನ ದನಿ ಅವನ ಗಂಟಲಲ್ಲಿ ಯಾವಾಗಲೂ ತಯಾರಿರುತ್ತಿತ್ತು. "ದಾದಾಸಾಹೇಬ! ಈ ಮಡ್ಡಿಗೆ ಹಲ್ಲ ಹಚ್ಚಿದಾಂವಗ ನಾಳಿಂದ ಗಂಜೀನs ಗತಿ!"

ಡ್ರೈವರ್ ಚಪ್ಪಾಳೆ ಹೊಡೆದ. ದಾದಾಸಾಹೇಬ ಬುಲೆಟ್ ಒದ್ದು ಹೊರಟುಹೋದ. ಆದರೆ ಅವನ ಮಾತು ಹೋಗಲಿಲ್ಲ. ಮಡ್ಡಿ ಹೋದರೆ ಅವ್ವನ ಕುರಿಗಳು ಎಲ್ಲಿ ಮೇಯಬೇಕು? ಸುತ್ತಲೂ ಕಬ್ಬು. ಕುರಿ ಬಾಯಿ ಹಾಕಿದರೆ ಬಡಿಗೆ.

ಅವ್ವ ಲಕ್ಕವ್ವ ಕೇಳಿ ರೊಟ್ಟಿ ತಟ್ಟುವುದನ್ನೂ ನಿಲ್ಲಿಸಲಿಲ್ಲ. "ಮಳಿ ಚಲೋ ಆಗೇತಿ. ಮಡ್ಡ್ಯಾಗ ಹುಲ್ಲು ಮೊಣಕಾಲಮಟ ನಿಂತೈತಿ. ಆ ಬಾಯಾರು ಬರತಾರ, ನೋಡತಾರ, ಬರಕೊಂಡ ಹೋಗತಾರ. ನೀ ಏನೂ ಮಾಡಬ್ಯಾಡ."

ಏನೂ ಮಾಡದೆ ಇರುವುದು ಭರಮುವಿಗೆ ಹುಟ್ಟಿನಿಂದ ಬಾರದ ವಿದ್ಯೆ. ಹೋದ ವರ್ಷ ಮದುವೆಯೊಂದರಲ್ಲಿ ಮೈಕ್ ಕೈಗೆ ಸಿಕ್ಕಿತೆಂದು 'ಹುಗ್ಗಿ ಖಾಲಿಯಾಗಾಕತ್ತೈತಿ' ಎಂದು ಸಾರಿ, ಅಕ್ಕಿಕಾಳು ಬೀಳುವ ಮೊದಲೇ ಚಪ್ಪರ ಖಾಲಿ ಮಾಡಿಸಿದವನು. ಅಥಣಿಯ ವಿಡಿಯೋ ಹಾಲಿನಲ್ಲಿ ಕೂತು ಅವನು ಕಲಿತದ್ದು ಒಂದೇ: ಒಬ್ಬ ನಿಂತರೆ ಯಾರೂ ನೋಡುವುದಿಲ್ಲ, ಸಾವಿರ ಮಂದಿ ನಿಂತರೆ ಸೀನು. ಅವ್ವನ ನಾಲ್ಕು ಕುರಿ ಮೇಯುತ್ತಿದ್ದರೆ ಬಾಯಾರಿಗೆ ಏನು ಕಂಡೀತು? ಮಡ್ಡಿ ತುಂಬ ಕುರಿ ಇರಬೇಕು. ನೋಡಿದವರು ಬಂಜರು ಎನ್ನಲು ಬಾಯಿ ತೆರೆಯಬಾರದು.

ಸೈಕಲ್ ಹತ್ತಿ ಕಾಗವಾಡದ ಕಡೆ ಹೊಡೆದ. ಅಲ್ಲಿ ಸೋದರಮಾವ ಮಲಕಾರಿ ಗೊಬ್ಬರಕ್ಕೆಂದು ಹೊಲವೊಂದರಲ್ಲಿ ಹಿಂಡು ತರುಬಿದ್ದ.

"ಮಾಮಾ, ನಿನ್ನ ಕುರಿಗೆ ಪಾರ್ಟ್ ಐತಿ."

"ಎಂಥಾ ಪಾರ್ಟಲೇ?"

"ಏನೂ ಇಲ್ಲ, ನಿಂತು ಹುಲ್ಲ ತಿನ್ನೂದು. ಒಂದs ದಿನ."

"ಹಂಗಾರ ಅವಕ್ಕ ಕಲಸೂದs ಬ್ಯಾಡ," ಎಂದ ಮಲಕಾರಿ. ತನ್ನ ಹಿಂಡಷ್ಟೇ ಅಲ್ಲ, ಜೊತೆಗಾರರ ಹಿಂಡುಗಳನ್ನೂ ಹೊಡೆದುಕೊಂಡು ಬಂದ.

ಗುರುವಾರ ಬೆಳಗ್ಗೆ ಮಡ್ಡಿಯ ಮೇಲೆ ನೆಲವೇ ಕಾಣಲಿಲ್ಲ. ಕರಿ ಕಂಬಳಿ ಹಾಸಿ ಯಾರೋ ಅದನ್ನು ಮೆಲ್ಲಗೆ ಎಳೆಯುತ್ತಿರುವಂತಿತ್ತು. ಭರಮು ಕೆಂಪಂಗಿ ತೊಟ್ಟು ಬಂಡೆ ಹತ್ತಿ, ಕೈಯೆರಡನ್ನೂ ಚೌಕ ಮಾಡಿ ಕಣ್ಣಿಗೆ ಹಿಡಿದು ನೋಡಿದ. ಪರ್ಫೆಕ್ಟ್. ಇನ್ನು ಜೀಪಿನ ಎಂಟ್ರಿ ಒಂದೇ ಬಾಕಿ.

ಜೀಪು ಬರಲಿಲ್ಲ.

ಮಧ್ಯಾಹ್ನವಾಯಿತು. ದೂರದಲ್ಲಿ ಟ್ರ್ಯಾಕ್ಟರ್ ಗುಡುಗಿದಾಗಲೆಲ್ಲ ಜೀಪೆಂದು ಬಂಡೆಯಿಂದ ಇಳಿದ, ಮತ್ತೆ ಹತ್ತಿದ. ಸಂಜೆಗೆ ಅಂಗಿಯ ಇಸ್ತ್ರಿ ಹೋಯಿತು. ಮರುದಿನ ಬಸ್ಸಿನಿಂದ ಇಳಿದ, ಊರ ಲೆಕ್ಕ ಬರೆಯುವ ತಲಾಠಿ ಸುದ್ದಿ ತಂದ: ರಾಯಬಾಗದ ಹತ್ತಿರ ಜೀಪಿನ ಎಕ್ಸಲ್ ಮುರಿದಿದೆ, ಬಾಯಾರು ಬರುವುದು ಸೋಮವಾರ.

ಭರಮು ಮಡ್ಡಿಗೆ ಓಡಿದ. ಮೊಣಕಾಲಮಟ ಇದ್ದ ಹುಲ್ಲು ಕಾಲಿನ ಹರಡಿನಮಟ ಇಳಿದಿತ್ತು.

"ಮಾಮಾ, ಪ್ಯಾಕಪ್! ಕುರಿ ಹೊಡಕೊಂಡು ನಡಿ. ಸೋಮವಾರ ಬಾ."

"ಎಲ್ಲಿಗಿ ಹೊಡೀಲಿ? ನಿನ್ನ ಮಾತ ಕೇಳಿ ಆ ಹೊಲಾ ಬಿಟ್ಟ ಬಂದೇನಿ. ಈಗ ಅಲ್ಲಿ ನೇಗಿಲ ಹೂಡ್ಯಾರ. ಸೋಮವಾರ ನಾವು ಪಡುವಣ ದಿಕ್ಕಿಗಿ ಹೊಂಟವರು, ಅಲ್ಲಿತನಕ ಇಲ್ಲೇ."

"ಅಯ್ಯೋ, ಸೀನ್ ಮುಗದೈತೋ ಮಾಮಾ!"

"ಕುರಿಗೇನ ಗೊತ್ತಲೇ ಸೀನು? ಅವು ಊಟಾ ಮಾಡಾಕತ್ತಾವ. ಕರದಾಂವ ನೀನs."

ಆ ಮೂರು ದಿನ ಭರಮು ಒಂದು ಕಡೆ ಕೂತು ಉಣ್ಣಲಿಲ್ಲ. ಈ ಹಿಂಡನ್ನು ಆ ಕಡೆ ಅಟ್ಟಿದರೆ ಆ ಹಿಂಡು ಈ ಕಡೆ ಇಳಿಯುತ್ತಿತ್ತು. ಕಿವಿಯ ತುಂಬ ಕರಕರ ಸದ್ದು. ಮಲಗಿದರೂ ಯಾರೋ ತನ್ನ ದಿಂಬನ್ನೇ ಮೇಯುತ್ತಿರುವಂತೆ. ಅವ್ವ ಬಯ್ದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬಯ್ಯಲಿಲ್ಲ. ಬುತ್ತಿ ಮುಂದಿಟ್ಟು, ಮಡ್ಡಿಯನ್ನೊಮ್ಮೆ ನೋಡಿ, ಹೋಗಿಬಿಡುತ್ತಿದ್ದಳು.

ಸೋಮವಾರ ಹಿಂಡುಗಳು ಹೊರಟ ಧೂಳು ಅಡಗುವ ಮೊದಲೇ ಜೀಪು ಬಂತು. ಹಿಂದೆಯೇ ಬುಲೆಟ್ಟೂ ಬಂತು.

ಬಾಯಾರು ಮಡ್ಡಿ ಹತ್ತಿ ಸುತ್ತ ನೋಡಿದರು. ಕೆಂಪು ಮಣ್ಣು, ಕಲ್ಲು, ಹಿಕ್ಕೆ. ಹುಲ್ಲಿನ ಹೆಸರಿಗೆ ನೆಲಕ್ಕಂಟಿದ ಬುಡಗಳು.

"ನಾ ಹೇಳಿದ್ನಿಲ್ರಿ?" ದಾದಾಸಾಹೇಬ ಬೆಲ್ಲ ತಿಂದ ದನಿಯಲ್ಲಿ ಅಂದ. "ಬಂಜರ."

ಭರಮು ಬಾಯಿ ತೆರೆದ. ಗುರುವಾರಕ್ಕೆಂದು ಬಾಯಿಪಾಠ ಮಾಡಿದ್ದ ಡೈಲಾಗ್ ಬರಲಿಲ್ಲ. ಬಂದದ್ದು ತೀರ ಸಣ್ಣ ದನಿ. "ಹುಲ್ಲ ಇತ್ರಿ ಬಾಯಾರ. ನಾನs ಮೇಯ್ಸೇನಿ. ನಿಮಗ ತೋರಸಾಕಂತ ಊರ ಮ್ಯಾಗಿನ ಕುರಿಯೆಲ್ಲಾ ಕರಸಿದ್ನಿ. ನೀವು ಬರೂದು ತಡಾ ಆತು."

ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಯಾರು ನಗಲಿಲ್ಲ. "ಇತ್ತು ಅನ್ನೂದು ನಾ ಬರಿಯಾಕ ಬರೂದಿಲ್ಲಪಾ. ಕಂಡದ್ದಷ್ಟs ಬರೀಬೇಕು."

ಮುಖ ಮುಚ್ಚಿಕೊಳ್ಳಲು ಜಾಗ ಸಿಗದೆ ಭರಮು ಹಿಂದೆ ಹಿಂದೆ ಸರಿದ, ಹೋಗಿ ಜಾಲಿ ಕಂಟಿಗೆ ಸಿಕ್ಕಿಬಿದ್ದ. ಕೆಂಪಂಗಿಯ ಬೆನ್ನು ಪರ್ ಎಂದಿತು. ಬಿಡಿಸಲು ಬಂದ ಬಾಯಾರು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಅಂಗಿಯನ್ನೂ ಮರೆತರು. ಕಂಟಿಯ ಒಳಗೆ, ಮುಳ್ಳಿನ ನಡುವೆ, ಹುಲ್ಲು ಮೊಣಕಾಲೆತ್ತರ ತೆನೆ ಬಿಟ್ಟು ನಿಂತಿತ್ತು. ಪಕ್ಕದ ಕಂಟಿಯಲ್ಲೂ ಹಾಗೆಯೇ. ಅದರಾಚೆಯದರಲ್ಲೂ.

"ಕುರಿ ಬಾಯಿ ಹೋಗದಲ್ಲೆಲ್ಲಾ ಅದ," ಅಂದರು ತಮಗೆ ತಾವೇ.

"ಕಂಟಿ ಬುಡಕಿನ ಹುಲ್ಲ ನೋಡಿ ಮಡ್ಡೀನ ಅಳೀತೀರೇನ್ರಿ?" ದಾದಾಸಾಹೇಬನ ದನಿಯ ಬೆಲ್ಲ ಕರಗಿತ್ತು.

"ಇಲ್ರಿ. ಅದಕ್ಕs ಇವತ್ತ ಏನೂ ಬರಿಯೂದಿಲ್ಲ." ಬಾಯಾರು ಎದ್ದರು. "ಚಿಕ್ಕೋಡಿ, ನಿಪ್ಪಾಣಿ ಮುಗಿಸಿ ದೀಪಾವಳಿ ಆದಮ್ಯಾಲೆ ಬರ್ತೀನಿ. ಅಲ್ಲಿತನಕ ಇದರ ಮ್ಯಾಲೆ ಒಂದೂ ಕುರಿ ಹತ್ತಬಾರದು. ಚಿಗಿತಿದ್ರ ಹುಲ್ಲುಗಾವಲು ಅಂತ ಬರೀತೀನಿ. ಇಲ್ಲಂದ್ರ ಬಂಜರು. ಕಾಯಾಂವ ಯಾರು?"

ಎಲ್ಲರೂ ಭರಮುವಿನ ಹರಿದ ಅಂಗಿ ನೋಡಿದರು.

ಮರುದಿನ ಬೆಳಗ್ಗೆ ಅವನು ಬಡಿಗೆ ಹಿಡಿದು ಮಡ್ಡಿಯ ಬುಡದಲ್ಲಿ ನಿಂತ. ನಿಲ್ಲಲಾಗದೆ ಅತ್ತಿಂದಿತ್ತ ತಿರುಗಿದ. ಹಿಂಗಾರಿ ಮೋಡ ಬಂತೇನೋ ಎಂದು ಗಳಿಗೆಗೊಮ್ಮೆ ಮುಖ ಮೇಲೆತ್ತಿದ. ಆಕಾಶ ತೊಳೆದ ಗಂಗಾಳದಂತೆ ಖಾಲಿ.

ಗಂಟೆಯ ಸದ್ದು ಕೇಳಿತು. ಕಳ್ಳನಂತೆ ಮೊದಲು ಬಂದದ್ದು ದಾದಾಸಾಹೇಬನ ಮನೆಯದಲ್ಲ, ತನ್ನದೇ ಮನೆಯ ಟಗರು. ಮರಿಯಿದ್ದಾಗ ಭರಮುವೇ ಬೆರಳದ್ದಿ ಹಾಲು ಕುಡಿಸಿ ಸಾಕಿದ್ದು. ದಿನದ ದಾರಿ ಹಿಡಿದು ನೆಟ್ಟಗೆ ಮಡ್ಡಿಗೆ ಬಂದಿತ್ತು. ಹಿಂದೆ ಉಳಿದ ಕುರಿಗಳೊಂದಿಗೆ ಅವ್ವ ರಸ್ತೆಯ ಮೇಲೆ ನಿಂತು ನೋಡುತ್ತಿದ್ದಳು. ಟಗರನ್ನು ಕರೆಯಲಿಲ್ಲ.

ಭರಮು ಕಾಲರ್ ಎತ್ತಿದ. "ಈ ಮಡ್ಡಿಗೆ ಹಲ್ಲ ಹಚ್ಚಿದಾಂವಗ..."

ಟಗರು ತಲೆಯಿಂದ ಅವನ ಹೊಟ್ಟೆಗೆ ಗುದ್ದಿ ದಾರಿ ಕೇಳಿತು. ಭರಮು ಬಡಿಗೆ ಬಿಸಾಕಿ ಎರಡೂ ಕೊಂಬು ಹಿಡಿದುಕೊಂಡ. ಅದು ಮುಂದೆ ತಳ್ಳಿತು, ಅವನು ಹಿಂದೆ ತಳ್ಳಿದ.

"ನಡಿ," ಎಂದ. ಅದು ಯಾವ ಸಿನಿಮಾದ ದನಿಯೂ ಆಗಿರಲಿಲ್ಲ. "ನಡಿಯೋ ನಮ್ಮಪ್ಪಾ. ದೀಪಾವಳಿತನಕ. ನಿಂದs ಹುಲ್ಲೈತಿ."

ಟಗರು ಕದಲಲಿಲ್ಲ. ಅವನೂ ಬಿಡಲಿಲ್ಲ. ಅವ್ವ ಉಳಿದ ಕುರಿಗಳನ್ನು ರಸ್ತೆಯ ಬದಿ ಹಿಡಿದು ಹೊಡೆದುಕೊಂಡು ಹೊರಟಳು, ಎರಡೂ ಬದಿಗೆ ಕಬ್ಬು ಎದ್ದುನಿಂತ ಆ ಕಿರಿದಾದ ದಾರಿಯಲ್ಲಿ.