ಜುಟ್ಟಿಲ್ಲದ ಸವತಿ

ಗಂಡ ಕೆಟ್ಟರೆ ಹೆಂಡತಿ ನಾಲ್ಕು ಜನರ ಮುಂದೆ ಬಾಯಿ ಬಡಿದುಕೊಳ್ಳಬಹುದು. ಒಳ್ಳೆಯವನಾಗಿಬಿಟ್ಟರೆ ಯಾರ ಹತ್ತಿರ ಹೇಳಿಕೊಳ್ಳಬೇಕು, ನೀವೇ ಹೇಳಿ. ಇಸ್ತ್ರಿ ಅಂಗಡಿಯವಳಿಗೆ ಬಂದದ್ದು ಅಂಥ ಕಷ್ಟ.

ಅಂಗಡಿ ಒಂದೇ, ಬಾಗಿಲೂ ಒಂದೇ, ನಡುವೆ ಎದೆಮಟ್ಟದ ಹಲಗೆ. ಹಲಗೆಯ ಈ ಕಡೆ ಅವಳ ಇಸ್ತ್ರಿ ಮೇಜು, ಆವಿ ಉಗುಳುವ ಪೆಟ್ಟಿಗೆ, ತಂತಿಗೆ ನೇತುಹಾಕಿದ ಕೋಟುಗಳ ಸಾಲು. ಆ ಕಡೆ ಗಂಡನ ಕೀಲಿ ಕೊರೆಯುವ ಯಂತ್ರ, ಗೋಡೆ ತುಂಬ ಇನ್ನೂ ಹಲ್ಲು ಮೂಡದ ಕೀಲಿಗಳು. ಮದುವೆಯಾದಾಗಿನಿಂದ ಇಬ್ಬರೂ ಆ ಹಲಗೆಯ ಮೇಲಿಂದ ಜಗಳವಾಡುತ್ತಲೇ ದುಡಿದವರು. ಯಂತ್ರ ಕಿರ್ರೆಂದರೆ ಅವನು ಅದಕ್ಕಿಂತ ಜೋರಾಗಿ ಕಿರುಚುತ್ತಿದ್ದ. ಅವಳು ಆವಿ ಬುಸ್ಸೆನಿಸಿ ಉತ್ತರ ಕೊಡುತ್ತಿದ್ದಳು. ಫ್ಯಾನು ಯಾರ ಕಡೆ ತಿರುಗಬೇಕು ಎಂಬುದಕ್ಕೆ ಜಗಳ, ಬಾಗಿಲ ಚಿಲಕ ಹಾಕಿದ್ದು ಯಾರು ಎಂಬುದಕ್ಕೆ ಜಗಳ. ಕೋಟು ಒಯ್ಯಲು ಬಂದ ಗಿರಾಕಿ ನಿಂತು ಪೂರ್ತಿ ಕೇಳಿ, ತನ್ನದೂ ಒಂದು ಮಾತು ಸೇರಿಸಿ ಹೋಗುತ್ತಿದ್ದ. ಬೀದಿಗೆ ಅದು ಪುಕ್ಕಟೆ ಮನರಂಜನೆ. ಅವಳಿಗೆ ಅದೇ ಸಂಸಾರ.

ಆ ಸಂಸಾರದ ನಡುವೆ ಓಟ ಬಂದು ಒಕ್ಕರಿಸಿತು. ರಕ್ತದೊತ್ತಡ ಏರಿದೆ, ಬೆಳಿಗ್ಗೆ ಸ್ವಲ್ಪ ಕಾಲಾಡಿಸಲಿ ಎಂದಿದ್ದರು ಡಾಕ್ಟರು. ಪುಣ್ಯಾತ್ಮ ಕಾಲಾಡಿಸುತ್ತ ಕಾಲುವೆ ದಂಡೆಯ ಮೈದಾನಕ್ಕೆ ಹೋದ. ಅಲ್ಲಿ ಒಂದು ಗುಂಪು. ಸೂರ್ಯ ಹುಟ್ಟುವ ಮೊದಲೇ ಸೇರಿ, ಪಿಟ್ಟೆನ್ನದೆ, ಉಸಿರಿನ ಮೇಲೆ ಮನಸ್ಸಿಟ್ಟು ಮೈಲಿಗಟ್ಟಲೆ ಓಡುವವರು. ಓಡಿ ಬಂದು ಮರದ ಕೆಳಗೆ ಕಣ್ಣು ಮುಚ್ಚಿ ಕೂರುವವರು. ದೂರ ಓಡುವುದು ಕಾಲಿನ ಚಟಕ್ಕಲ್ಲವಂತೆ, ತಲೆಯೊಳಗಿನ ಗಲಾಟೆಗಂತೆ. ಓಡಿ ಓಡಿ ಆ ಗಲಾಟೆಗೇ ಸುಸ್ತಾಗಿ ಒಂದು ದಿನ ಬಾಯಿ ಮುಚ್ಚುತ್ತದಂತೆ. ಗಲಾಟೆ ಮುಚ್ಚಿತೋ ಬಿಟ್ಟಿತೋ, ಗಂಡನಂತೂ ಮುಚ್ಚಿಬಿಟ್ಟ.

"ಫ್ಯಾನು ಈ ಕಡೆ ತಿರುಗಿಸ್ರೀ, ಬೆಂದು ಹೋಗ್ತಿದೀನಿ!" ಎಂದು ಗುಡುಗಿದರೆ ಎದ್ದು ತಿರುಗಿಸಿ ಕೂರುತ್ತಿದ್ದ. "ಯಾಕೆ, ನಾನೇನು ಮನುಷ್ಯ ಅಲ್ವಾ?" ಎಂಬ ಹಳೇ ಮಾತೇ ಇಲ್ಲ. ಬೇಕೆಂದೇ ಸಕ್ಕರೆ ಹಾಕದೆ ಚಹಾ ಕೊಟ್ಟಳು. ಕುಡಿದು ಲೋಟ ತೊಳೆದಿಟ್ಟ. ಕೊನೆಗೆ ದೊಡ್ಡ ಅಸ್ತ್ರವನ್ನೇ ಬಿಟ್ಟಳು: "ನಿಮ್ಮಂಥ ದಂಡಪಿಂಡನ್ನ ಕಟ್ಕೊಂಡು ನಾನೇನು ಸುಖ ಕಂಡೆ?" ಅವನು ಕೀಲಿಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ನಕ್ಕ. "ನೀನು ಹೇಳೋದೂ ಸರಿನೇ ಕಣೇ." ಅವಳ ಮೈಯೆಲ್ಲ ಉರಿದುಹೋಯಿತು.

ಆ ನಗುವೇ ಅವಳಿಗೆ ಆಗದ್ದು. ಗಂಡಹೆಂಡಿರ ನಡುವಿನ ನಗುವಾಗಿದ್ದರೆ ಅದರಲ್ಲಿ ತನಗೂ ಪಾಲಿರಬೇಕಿತ್ತು. ಇದು ಎಲ್ಲಿಂದಲೋ ತಂದ ನಗು. ತಾನಿಲ್ಲದ ಕಡೆ ಇವನಿಗೆ ಏನೋ ಸಿಗುತ್ತಿದೆ, ಅದನ್ನು ಬಾಯಲ್ಲಿ ಇಟ್ಟುಕೊಂಡೇ ಮನೆಗೆ ಬರುತ್ತಾನೆ ಎಂದುಕೊಂಡರೆ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಗುತ್ತಿತ್ತು. ಸಾಲದ್ದಕ್ಕೆ ನಾದಿನಿ ಬೇರೆ. ಬಂದಾಗಲೆಲ್ಲ, "ಅಣ್ಣ ಎಷ್ಟು ಶಾಂತ ಆಗ್ಬಿಟ್ಟಿದಾನಲ್ವಾ ಅತ್ತಿಗೆ? ಮುಖದಲ್ಲಿ ಏನು ಕಳೆ!" ಎನ್ನುವವಳು. ಕಳೆಯಂತೆ ಕಳೆ! ಅಣ್ಣನಿಗೆ ಕಳೆ ಬಂದರೆ ಅತ್ತಿಗೆಯೇ ಇಷ್ಟು ದಿನ ಅದನ್ನು ತಿಂದುಹಾಕಿದ್ದಳು ಎಂದಂತಲ್ಲವೇ?

ಹೆಣ್ಣೇ ಇರಬೇಕು ಎಂದು ತೀರ್ಮಾನಿಸಿದಳು. ಒಂದು ಬೆಳಿಗ್ಗೆ ತಲೆಗೆ ಬಟ್ಟೆ ಸುತ್ತಿಕೊಂಡು ಅವನ ಹಿಂದೆಯೇ ಹೋಗಿ ಮೈದಾನದ ನೀರಿನ ತೊಟ್ಟಿಯ ಮರೆಯಲ್ಲಿ ಕೂತಳು. ಗುಂಪಿಗೆ ಗುರು ಹೆಣ್ಣೇ, ಅದೇನೋ ನಿಜ. ಆದರೆ ಎಂಥ ಹೆಣ್ಣು! ಒಣಗಿದ ಕಡ್ಡಿಯಂಥ ಮುದುಕಿ, ಬಾಯಲ್ಲಿ ಅರ್ಧ ಹಲ್ಲಿಲ್ಲ, ಕಾಲಿಗೆ ಗಂಡಸರ ಬೂಟು. ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತಳಾದವಳು. ಎಲ್ಲರೂ ಕರೆಯುವುದೇ ಕಂಡಕ್ಟರಮ್ಮ ಎಂದು. ಅವಳ ಕಡೆ ಗಂಡ ಸರಿಯಾಗಿ ನೋಡಲೂ ಇಲ್ಲ. ಯಾರ ಕಡೆಯೂ ನೋಡಲಿಲ್ಲ. ಓಡಿ ಬಂದು, ಮರಕ್ಕೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಒಬ್ಬನೇ ಕೂತ. ಮುಖದಲ್ಲಿ ಅದೇ ನಗು.

ಇಸ್ತ್ರಿಯವಳಿಗೆ ತೊಟ್ಟಿಯ ಮರೆಯಲ್ಲೇ ಅಳು ಬಂತು. ಇದೇನು ನ್ಯಾಯ? ಸವತಿ ಇದ್ದಿದ್ದರೆ ಜುಟ್ಟು ಹಿಡಿದು ಬೀದಿಗೆ ಎಳೆಯಬಹುದಿತ್ತು. ಈ ಮೌನಕ್ಕೆ ಜುಟ್ಟೆಲ್ಲಿದೆ, ಹಿಡಿಯುವುದಕ್ಕೆ?

ಅವಳ ನಿಜವಾದ ಭಯ ಬೇರೆಯೇ ಇತ್ತು. ಆ ಗುಂಪಿನಲ್ಲಿ ಪ್ರತಿಯೊಬ್ಬರ ಕೊರಳಲ್ಲೂ ಬಸ್ ಪಾಸಿನಂಥ ಒಂದು ರಟ್ಟಿನ ತುಂಡು ನೇತಾಡುತ್ತದೆ. ಕಂಡಕ್ಟರಮ್ಮನ ಜೇಬಿನಲ್ಲಿ ಟಿಕೆಟ್ಟಿಗೆ ತೂತು ಹಾಕುವ ಹಳೆಯ ಇಕ್ಕಳ. ಓಡಿ ಬಂದವರ ಮುಖ ನೋಡುತ್ತ ನಿಲ್ಲುತ್ತಾಳೆ. ಯಾರಿಗಾದರೂ ಒಳಗಿನ ಗಲಾಟೆ ನಿಜವಾಗಿ ನಿಂತಿದೆ ಎನಿಸಿದರೆ, ಮಾತಿಲ್ಲ ಕತೆಯಿಲ್ಲ, ಕಟಕ್ಕೆಂದು ಅವರ ರಟ್ಟಿಗೊಂದು ತೂತು. ತೂತು ಬಿದ್ದವರು ಬೆಟ್ಟದ ಓಟಕ್ಕೆ ಹೋಗಬಹುದು. ಚಳಿಗಾಲ ಮುಗಿಯುವವರೆಗೆ ಬೆಟ್ಟದ ಮೇಲೆ ಓಟ, ಮೌನ, ಮತ್ತೆ ಓಟ. ಹೋದವರೆಲ್ಲ ವಾಪಸ್ಸು ಬರುತ್ತಾರೆ ಎಂದೇನಿಲ್ಲ. ಮೂಲೆ ಅಂಗಡಿಯ ಕ್ಷೌರದವನು ಹೋದವನು ಅಲ್ಲೇ ಉಳಿದ. ಅವನ ಕನ್ನಡಿ, ಕುರ್ಚಿಗಳನ್ನು ಹೆಂಡತಿ ಮಾರಿದ್ದನ್ನು ಇವಳು ಕಣ್ಣಾರೆ ಕಂಡಿದ್ದಳು.

ಗಂಡನ ರಟ್ಟು ಎರಡು ವರ್ಷದಿಂದ ಬೋಳಾಗಿಯೇ ಇತ್ತು. ಈ ಸಲ ಬೀಳುತ್ತದೆ ಎಂದು ಗುಂಪಿನಲ್ಲೆಲ್ಲ ಗುಸುಗುಸು, ಅದೂ ಸನ್ನೆಯಲ್ಲೇ. ಒಂದು ದಿನ ಹಲಗೆಯ ಮೇಲೆ ಮೊಣಕೈ ಊರಿ ಅವನೇ ಬಾಯಿಬಿಟ್ಟ.

"ಒಂದು ಉಪಕಾರ ಮಾಡ್ತೀಯಾ? ಕಡೇ ಪರೀಕ್ಷೆ ಓಟ ಇದೆ. ನನ್ನ ಕಣ್ಣಿಗೆ ಪಟ್ಟಿ ಕಟ್ತಾರೆ. ಮಣಿಕಟ್ಟಿಗೆ ಒಂದು ಹಗ್ಗ. ಅದರ ಇನ್ನೊಂದು ತುದಿ ಮನೆಯವರೇ ಹಿಡ್ಕೊಂಡು ಓಡಿಸಬೇಕು. ಇಬ್ರೂ ಮಾತಾಡೋ ಹಾಗಿಲ್ಲ."

"ಮನೆಯವರೇ ಯಾಕೆ?"

"ಗಲಾಟೆ ಎಲ್ಲಾ ಅಲ್ಲೇ ಹುಟ್ಟೋದು ಅಂತಾರೆ ಕಂಡಕ್ಟರಮ್ಮ."

ಮುದುಕಿಯ ಬಾಯಿಗಿಷ್ಟು! ಆಗುವುದಿಲ್ಲ ಎನ್ನಲು ನಾಲಿಗೆ ಎತ್ತಿದವಳಿಗೆ ಒಳಗೊಳಗೇ ಒಂದು ಯೋಚನೆ ಹೊಳೆಯಿತು. ಹಗ್ಗ ತನ್ನ ಕೈಗೇ ಬರುವುದಾದರೆ ಬಿಡುವುದುಂಟೇ? ಎಳೆದಾಡಿ, ಎಡವಿಸಿ, ಇವನ ಬಾಯಿಂದ ಒಂದು ಬೈಗುಳ ಹೊರಡಿಸಿದರೆ ಮುಗಿಯಿತು, ರಟ್ಟು ಬೋಳು, ಬೆಟ್ಟ ದೂರ. "ಆಯ್ತು ಬಿಡಿ, ನಿಮಗಲ್ಲದೆ ಇನ್ಯಾರಿಗೆ ಮಾಡ್ಲಿ" ಎಂದಳು ಬೆಣ್ಣೆಯಂಥ ದನಿಯಲ್ಲಿ. ಪಾಪ, ಅವನು ನಂಬಿದ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅವನ ಅಭ್ಯಾಸ ಶುರುವಾಯಿತು. ಇಸ್ತ್ರಿ ಮೇಜಿನ ಮುಂದೆ ನಿಂತು ನಿಂತು ಗಟ್ಟಿಯಾದ ಕಾಲು ಅವಳದು, ಆದರೆ ಓಡಿದ ಕಾಲಲ್ಲ. ಮೊದಲ ದಿನ ನಾಲ್ಕು ಹೆಜ್ಜೆಗೇ ಏದುಸಿರು. ಅವನು ಬೇಸರಪಡದೆ ಅವಳ ವೇಗಕ್ಕೇ ಇಳಿದ. ಅದಕ್ಕೂ ಅವಳಿಗೆ ಉರಿ. ನೀರು ನಿಂತ ಗುಂಡಿಗೆ ಅವನನ್ನು ನೇರವಾಗಿ ಇಳಿಸಿದಳು. ಬೂಟು ಪಚಪಚ ಎನಿಸುತ್ತ ಓಡಿದ. ಬ್ರೆಡ್ಡಿನ ಘಮ ಬರುವ ಬೇಕರಿಯ ಮುಂದೆ ಬೇಕೆಂದೇ ನಿಲ್ಲಿಸಿದಳು. ಹೊಟ್ಟೆ ಗುರ್ರೆಂದರೂ ನಿಂತೇ ಇದ್ದ. ಬೇಲಿಯ ಮುಳ್ಳಿಗೆ ತೋಳು ತಗುಲಿಸಿದಳು. ಅವತ್ತು ಸಂಜೆ ಹಲಗೆಯಾಚೆ ಅವನು ತೋಳಿಗೆ ಮುಲಾಮು ಹಚ್ಚಿಕೊಳ್ಳುವುದು ಕಂಡು ಕರುಳು ಚುರುಕ್ಕೆಂದಿತು. ಆದರೂ ನಗುತ್ತಿದ್ದನಲ್ಲ! ಚುರುಕ್ಕೆಂದದ್ದು ಮತ್ತೆ ಉರಿಯಾಯಿತು.

ಪರೀಕ್ಷೆಯ ದಿನಕ್ಕೆ ದೊಡ್ಡ ಉಪಾಯವೇ ಸಿದ್ಧವಾಗಿತ್ತು. ಕಾಲುವೆ ಸೇತುವೆಯ ಹತ್ತಿರ ಎಡಕ್ಕೆ ಹೋಗುವ ಬದಲು ಬಲಕ್ಕೆ ತಿರುಗಿಸಿ, ಸೀದಾ ತಮ್ಮ ಅಂಗಡಿಯ ಬಾಗಿಲಿಗೆ ತಂದು ನಿಲ್ಲಿಸಿ ಪಟ್ಟಿ ಬಿಚ್ಚುವುದು. "ಇದೇ ನಿಮ್ಮ ಬೆಟ್ಟ, ಹತ್ತಿ!" ಎನ್ನುವ ಮಾತನ್ನೂ ಹೊಂದಿಸಿಟ್ಟುಕೊಂಡಿದ್ದಳು. ಕಂಡಕ್ಟರಮ್ಮ ಅವನ ಕಣ್ಣಿಗೆ ಪಟ್ಟಿ ಕಟ್ಟಿದಳು. ಹಗ್ಗ ಹಿಡಿಯುವವರಿಗೂ ಒಂದೊಂದು ರಟ್ಟು, ಅದನ್ನು ಇವಳ ಕೊರಳಿಗೂ ಹಾಕಿದಳು. ಹೊರಡಿ ಎಂದು ಕೈ ಸನ್ನೆ ಮಾಡಿದಳು.

ಹೊರಟರು. ಮಂಜು ಬಿದ್ದು ದಾರಿ ಜಾರುತ್ತಿತ್ತು. ಸೇತುವೆ ಇನ್ನೂ ದೂರ, ಅಲ್ಲಿಯವರೆಗಾದರೂ ಇವನು ಬೀಳಬಾರದಲ್ಲ ಎಂದು ಅವಳು ನೆಲ ನೋಡತೊಡಗಿದಳು. ಇಲ್ಲೊಂದು ಕಲ್ಲು. ಇಲ್ಲಿ ಚರಂಡಿಯ ಮುಚ್ಚಳ ಕುಸಿದಿದೆ. ಹಿಂದಕ್ಕೆ ಬರುತ್ತಿರುವ ಹಾಲಿನ ಗಾಡಿ. ಕೋಟಿನ ಮೇಲೆ ಇಸ್ತ್ರಿ ಎಳೆಯುವಾಗ ಪೆಟ್ಟಿಗೆಯ ಮುಂದಿನ ಒಂದು ಗೇಣು ಬಟ್ಟೆಯ ಮೇಲೆ ಕಣ್ಣಿರಬೇಕು, ಮಡಿಕೆ ಕಂಡ ಕೂಡಲೇ ಕೈ ತಾನಾಗಿ ಹೊರಳಬೇಕು, ಹಾಗೇ ಆಯಿತು. ಮುಂದಿನ ಎರಡು ಮೊಳ ದಾರಿ, ಹಗ್ಗದ ಎಳೆತ, ಅವನ ಹೆಜ್ಜೆ, ತನ್ನ ಹೆಜ್ಜೆ. ಉಸಿರು ತನ್ನಷ್ಟಕ್ಕೆ ಹೋಗಿ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನ ಹೆಜ್ಜೆ, ತನ್ನ ಹೆಜ್ಜೆ ಎಂಬ ಭೇದವೂ ಹೋಯಿತು. ಸೇತುವೆ ಬಂತು, ಎಡಕ್ಕೆ ತಿರುಗಿತು ದಾರಿ, ಅವರೂ ತಿರುಗಿದರು. ಬಲಗಡೆ ಒಂದು ಬೀದಿ ಇದೆ, ಅಲ್ಲೊಂದು ಅಂಗಡಿ ಇದೆ ಎಂಬುದೇ ಅವಳಿಗೆ ಹೊಳೆಯಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ, ಗೊತ್ತಿಲ್ಲ. ಹುಡುಕುವವರೂ ಇರಲಿಲ್ಲ.

ಮೈದಾನಕ್ಕೆ ಬಂದು ನಿಂತಾಗಲೇ ನಿಂತದ್ದು ಗೊತ್ತಾದದ್ದು. ಕಂಡಕ್ಟರಮ್ಮ ಹತ್ತಿರ ಬಂದು ಗಂಡನ ಮುಖ ನೋಡಿದಳು. ಆಮೇಲೆ ಇವಳ ಮುಖ ನೋಡಿದಳು, ಬಹಳ ಹೊತ್ತು. ಇಕ್ಕಳ ತೆಗೆದಳು.

ಕಟಕ್.

ಪಟ್ಟಿಯೊಳಗಿನ ಗಂಡನ ಮುಖ ಹೂವಿನಂತೆ ಅರಳಿತು. ಕೈ ಮೆಲ್ಲಗೆ ಕೊರಳಿಗೆ ಹೋಯಿತು. ಕೀಲಿಯ ಅಂಚಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಕಂಡುಹಿಡಿಯುವ ಹೆಬ್ಬೆರಳು ಅವನದು. ಅದು ರಟ್ಟನ್ನು ಮೇಲಿಂದ ಕೆಳಗೆ ಸವರಿತು, ತಿರುಗಿಸಿ ಮತ್ತೆ ಸವರಿತು. ತೂತಿರಲಿಲ್ಲ. ಪಟ್ಟಿ ಕಿತ್ತೆಸೆದು ಹೆಂಡತಿಯ ಕೊರಳು ನೋಡಿದ.

"ಇವಳಿಗಾ?" ಮೈದಾನವೇ ಬೆಚ್ಚಿತು. "ಇವಳಿಗಾ! ಎರಡು ವರ್ಷ ಸತ್ತೆ ನಾನು ಇಲ್ಲಿ! ಗುಂಡಿಗೆ ಬೀಳಿಸಿದವಳು, ಮುಳ್ಳಿಗೆ ಉಜ್ಜಿದವಳು, ಇವಳಿಗೆ ತೂತಾ? ಏನು ನೋಡಿ ಹಾಕಿದ್ರಿ ಕಂಡಕ್ಟರಮ್ಮಾ, ಕಣ್ಣು ಕಾಣುತ್ತಾ ನಿಮಗೆ?"

ಗುಂಪಿನವರೆಲ್ಲ ಕಣ್ಣರಳಿಸಿ ನೋಡಿದರು. ಮಾತಾಡಬಾರದಲ್ಲ, ಸುಮ್ಮನಿದ್ದರು. ಕಂಡಕ್ಟರಮ್ಮ ಇಕ್ಕಳವನ್ನು ಜೇಬಿಗಿಳಿಸಿ, ಇಸ್ತ್ರಿಯವಳಿಗೆ ಮಾತ್ರ ಕೇಳಿಸುವಂತೆ, "ಬೆಟ್ಟಕ್ಕೆ ಬರ್ತೀಯೇನವ್ವಾ?" ಎಂದಳು. ಅವಳಿಗೆ ಆ ಮಾತು ಕಿವಿಗೆ ಬಿದ್ದರೂ ಒಳಗಿಳಿಯಲಿಲ್ಲ. ಗಂಡ ಕಿರುಚುತ್ತಿದ್ದಾನೆ! ಕತ್ತಿನ ನರ ಉಬ್ಬಿದೆ, ಕಿವಿ ಕೆಂಪಾಗಿದೆ, ಎರಡು ವರ್ಷದ ನಗು ಚೂರುಚೂರಾಗಿ ಬಿದ್ದಿದೆ. ತನ್ನ ಮೇಲೆ ಹೊಟ್ಟೆಕಿಚ್ಚು ಅವನಿಗೆ! ಅವಳಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. "ಅಯ್ಯೋ, ಮುಖ ನೋಡ್ಕೊಳ್ರೀ, ಶಾಂತಮೂರ್ತಿ!" ಎಂದು ತಾನೂ ಶುರುಹಚ್ಚಿಕೊಂಡಳು. ಮನೆಯವರೆಗೂ ಹಗ್ಗ ಬಿಚ್ಚುವುದನ್ನೂ ಮರೆತು ಜಗಳವಾಡುತ್ತ ಬಂದರು. ಬೀದಿಯವರು ಕಿಟಕಿ ತೆರೆದರು.

ಆ ದಿನವೆಲ್ಲ ಅಂಗಡಿಯಲ್ಲಿ ಹಬ್ಬವೇ. ಫ್ಯಾನಿಗೆ ಜಗಳ, ಚಿಲಕಕ್ಕೆ ಜಗಳ. ಯಂತ್ರ ಕಿರ್ರೆಂದಿತು, ಆವಿ ಬುಸ್ಸೆಂದಿತು. ಸಂಜೆಗೆ ಗಿರಾಕಿಗಳು ಕಡಿಮೆಯಾದಾಗ ಅವನು ಯಂತ್ರ ನಿಲ್ಲಿಸಿ ಹಲಗೆಯ ಹತ್ತಿರ ಬಂದ. ಜಗಳದ ಮುಖವಲ್ಲ.

"ಹೇಗಿತ್ತೇ?" ಎಂದ. "ನಿಜ ಹೇಳು. ಒಳಗೆ ಹೇಗಿತ್ತು?"

ಆ ಮುಖದ ಉರಿ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಎರಡು ವರ್ಷ ಕನ್ನಡಿಯಲ್ಲಿ ಕಂಡಿದ್ದಳು. ಚೇಷ್ಟೆ ಮಾಡಲು ಮನಸ್ಸಾಗಲಿಲ್ಲ. ಸುಳ್ಳು ಹೇಳಲೂ ಬರಲಿಲ್ಲ.

"ಏನಂತ ಹೇಳ್ಲಿ? ದಾರಿ ಇತ್ತು. ನನ್ನ ಸಿಟ್ಟು ಇರ್ಲಿಲ್ಲ. ಅಂಗಡಿ ಇರ್ಲಿಲ್ಲ." ಕೋಟಿನ ಕಾಲರು ಸರಿಮಾಡಿದಳು. "ನೀವೂ ಇರ್ಲಿಲ್ಲ."

ಅವನು ತಲೆಯಾಡಿಸಿದ. ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ನಿಂತ.

"ನನಗೆ ಒಂದು ದಿನವೂ ಹಾಗಾಗ್ಲಿಲ್ಲ ಕಣೇ. ಎಷ್ಟು ದೂರ ಓಡಿದ್ರೂ ನೀನು ಇದ್ದೇ ಇರ್ತಿದ್ದೆ. ಉಸಿರು ಒಳಗೆ ಎಳ್ಕೊಂಡ್ರೆ ನಿನ್ನ ಬೈಗುಳ, ಹೊರಗೆ ಬಿಟ್ರೆ ನಿನ್ನ ಬೈಗುಳ. ಮರದ ಕೆಳಗೆ ಕೂತ್ರೆ, ಈಗ ಮನೆಗೆ ಹೋದ್ರೆ ಏನಂತಾಳೋ ಅಂತ ನಗು ಬರೋದು. ಅದನ್ನೇ ಎಲ್ರೂ ಶಾಂತಿ ಅಂದ್ಕೊಂಡ್ರು. ನಾನೂ ಸುಮ್ಮನಿದ್ದೆ. ಆ ಮುದುಕಿಗೆ ಮಾತ್ರ ಗೊತ್ತಿತ್ತು ಅಂತ ಕಾಣುತ್ತೆ."

ಅವಳ ಕೈಯಲ್ಲಿನ ಪೆಟ್ಟಿಗೆ ಕೋಟಿನ ಮೇಲೆಯೇ ನಿಂತಿತು. ಸುಟ್ಟ ವಾಸನೆ ಬಂದ ಮೇಲೆ ಎತ್ತಿದಳು. ಎಲ್ಲಿಗೋ ಹೋಗಿಬಿಟ್ಟಿದ್ದಾನೆಂದು ಎರಡು ವರ್ಷ ಉರಿದಳಲ್ಲ, ಅವನು ಒಂದು ಹೆಜ್ಜೆಯೂ ಅವಳನ್ನು ಬಿಟ್ಟು ಹೋಗಿರಲಿಲ್ಲ. ಹೋದವಳು ಅವಳೇ. ಒಂದೇ ಬೆಳಗು, ಅದೂ ಅವನ ಕೈಗೆ ಕಟ್ಟಿದ ಹಗ್ಗ ಹಿಡಿದುಕೊಂಡೇ.

"ತೂತು ಬಿತ್ತಲ್ಲ, ಇನ್ನು ಬೆಟ್ಟಕ್ಕೆ ಹೋಗಬಹುದು ನೀನು," ಎಂದ ಅವನು, ಅವಳ ಮುಖ ನೋಡದೆ. "ಹೋಗ್ತೀಯಾ?"

ಎಂಥ ಪ್ರಶ್ನೆ! ಅಂಗಡಿ ಬಿಟ್ಟು, ಈ ಮನುಷ್ಯನನ್ನು ಬಿಟ್ಟು ಅವಳು ಬೆಟ್ಟ ಹತ್ತುವುದುಂಟೇ? ಹುಚ್ಚೇ ನಿಮಗೆ ಎನ್ನಲು ಬಾಯಿ ತೆರೆದಳು. ಅವನು ಹಲಗೆ ಹಿಡಿದು ಕಾಯುತ್ತ ನಿಂತಿದ್ದ. ಅವಳ ಕೈ ಆಗಲೇ ಕೊರಳಿಗೆ ಹೋಗಿ ರಟ್ಟಿನ ತೂತನ್ನು ಸವರುತ್ತಿತ್ತು.