ಎರಡು ಕಂಬದ ದೂರ

ಲೈನ್‌ಮನ್ ಕೆಲಸದಿಂದ ನಿವೃತ್ತನಾಗಿ ನಾಲ್ಕು ವರ್ಷ ಕಳೆದಿದ್ದರೂ ಅಂಗಳಕ್ಕೆ ಕಾಲಿಟ್ಟೊಡನೆ ಮುದುಕನ ಕಣ್ಣು ಮೊದಲು ಹೋಗುತ್ತಿದ್ದುದು ಮೇಲಿನ ತಂತಿಯ ಕಡೆಗೇ. ಬೀದಿಯುದ್ದಕ್ಕೂ ಹೋಗುವ ವಿದ್ಯುತ್ ತಂತಿ ಮನೆಯ ಮುಂದಿನ ಗೋಡೆಯಿಂದ ಹದಿನೈದಡಿ ದೂರದಲ್ಲಿ ಜೋತಾಡುತ್ತಿತ್ತು. ಆ ಭಾನುವಾರ ಅದೇ ಗೋಡೆಗೆ ಹನ್ನೆರಡಡಿಯ ಕಬ್ಬಿಣದ ಪೈಪೊಂದನ್ನು ಒರಗಿಸಿಕೊಂಡು ಅಳಿಯ ನಿಂತಿದ್ದ. ತಾರಸಿಯ ಮುಂದಿನ ಅಂಚಿನಲ್ಲಿ ನಿಲ್ಲಿಸಿ ಟೀವಿಯ ಆಂಟೆನಾ ಕಟ್ಟಲು ಕಂಬ.

"ಅಳಿಯಂದ್ರೇ, ಮುಂದುಗಡೆ ಬೇಡ ಅಂತ ಬೆಳಿಗ್ಗೆಯಿಂದ ಬಡ್ಕೋತಾ ಇದೀನಿ."

"ಇಲ್ಲೇ ಮಾವ ಚಿತ್ರ ಚೆನ್ನಾಗಿ ಬರೋದು. ಹಿಂದ್ಗಡೆ ಬರೀ ಚುಕ್ಕಿ. ಐದು ಗಂಟೆಗೆ ಫೈನಲ್ ಮ್ಯಾಚು, ಚುಕ್ಕಿ ಎಣಿಸ್ಲಾ?"

ಅಳಿಯ ಬಸ್ಸಿನ ಡ್ರೈವರ್. ದಿನಾ ಐವತ್ತು ಜನರನ್ನು ಹೊತ್ತು ಘಾಟಿ ಇಳಿಸುವವನಿಗೆ ಒಂದು ಪೈಪು ನಿಲ್ಲಿಸಲು ಯಾರ ಬುದ್ಧಿವಾದವೂ ಬೇಕಾಗಿರಲಿಲ್ಲ. ಮುದುಕ ತಾನೇ ಏಣಿ ಹತ್ತುತ್ತಿದ್ದ, ಆದರೆ ಮೊಣಕಾಲು ಮೂರನೇ ಮೆಟ್ಟಿಲಿಗೇ ಕೈಕೊಡುತ್ತಿತ್ತು. ಉಳಿದದ್ದು ಬಾಯೊಂದೇ. ಅದನ್ನು ಆ ಮನೆಯಲ್ಲಿ ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ.

ಅವನು ಇಟ್ಟಿಗೆಯ ಚೂರು ಹುಡುಕಿ, ತಂತಿಯ ನೇರಕ್ಕೆ ನೆಲದ ಮೇಲೆ ಗೆರೆ ಎಳೆದ. "ಕಂಬ ಮಲಗಿಸಿ. ಬುಡ ಗೋಡೆಗೆ ತಾಗ್ಲಿ."

ಅಳಿಯ ನಿಟ್ಟುಸಿರುಬಿಟ್ಟು ಮಲಗಿಸಿದ. ತುದಿ ಗೆರೆಗಿಂತ ಮೂರಡಿ ಈಚೆಗೇ ನಿಂತಿತು. "ನೋಡಿದ್ರಾ? ಬಿದ್ರೂ ಮುಟ್ಟಲ್ಲ."

"ಬರೀ ಕಂಬ ನಿಲ್ಲಿಸ್ತೀರಾ? ಅದರ ತಲೆ ಎಲ್ಲಿ?"

ತಲೆ ಇನ್ನೂ ರಟ್ಟಿನ ಪೆಟ್ಟಿಗೆಯಲ್ಲಿತ್ತು. ಮುದುಕ ಆಂಟೆನಾವನ್ನು ಹೊರತೆಗೆದು ಪೈಪಿನ ತುದಿಗೆ ಸೇರಿಸಿಟ್ಟ. ಅದರ ಅಲ್ಯೂಮಿನಿಯಂ ಕಡ್ಡಿಗಳು ಗೆರೆಯನ್ನು ದಾಟಿ ಒಂದಡಿ ಆಚೆ ಚಾಚಿಕೊಂಡವು. ಅಳಿಯ ತಲೆ ಕೆರೆದುಕೊಂಡ.

"ಸರಿ ಹಾಗಾದ್ರೆ, ಎರಡಡಿ ಹಿಂದಕ್ಕೆ ನಿಲ್ಲಿಸ್ತೀನಿ."

"ತಲೆ ಸೇರಿ ಕಂಬ ಎಷ್ಟುದ್ದವೋ ಅದರ ಎರಡರಷ್ಟು ದೂರ ತಂತಿಯಿಂದ ಇರ್ಬೇಕು."

"ಎರಡರಷ್ಟಾ? ಯಾಕೆ ಮಾವ, ಬಿದ್ದ ಕಂಬ ಎದ್ದು ಓಡ್ತದಾ?"

ಬಾಗಿಲಲ್ಲಿ ಬಟ್ಟೆ ಮಡಚುತ್ತಿದ್ದ ಮಗಳು ಕಿಸಕ್ಕನೆ ನಕ್ಕಳು. ಮುದುಕನಿಗೆ ಮೈಯೆಲ್ಲ ಉರಿಯಿತು. ಗಾಳಿ, ಜಾರುವ ಕೈ, ಬಾಗುವ ಪೈಪು, ಎಲ್ಲವನ್ನೂ ಬಿಡಿಸಿ ಹೇಳಬೇಕೆಂದು ಬಾಯಿ ತೆರೆದವನು ಪೈಪಿನ ಮೇಲೆ ಕುಳಿತುಬಿಟ್ಟ.

"ಏಳಿ ಮಾವ."

"ಹಿಂದ್ಗಡೆ ಅಂದ್ರೆ ಏಳ್ತೀನಿ."

"ಅಪ್ಪಾ, ಇದೇನು ಹಟ ಮಕ್ಕಳ ಹಾಗೆ!"

ಅರ್ಧ ಗಂಟೆ ಕಳೆಯಿತು. ಮ್ಯಾಚಿನ ಹೊತ್ತು ಹತ್ತಿರವಾಗುತ್ತಿತ್ತು. ಕಡೆಗೆ ಅಳಿಯನೇ ಸೋತು, ಪೈಪನ್ನು ಹೆಗಲಿಗೇರಿಸಿ ಹಿತ್ತಲಿಗೆ ನಡೆದು ಏಣಿಯಿಂದ ತಾರಸಿ ಹತ್ತಿದ.

ತಾರಸಿಯ ಹಿಂದಿನ ಅಂಚಿಗೆ ಕಟ್ಟೆಯಿರಲಿಲ್ಲ. ಮುದುಕ ಕೆಳಗೆ ನಿಂತು ಕತ್ತು ನೋಯುವಷ್ಟು ಮೇಲಕ್ಕೆ ನೋಡಿದ. "ಮೊದ್ಲು ಮೂರು ಕಡೆ ಹಗ್ಗ ಬಿಗೀರಿ. ಆಮೇಲೆ ನಿಲ್ಸಿ. ಏನಾದ್ರೂ ವಾಲಿದ್ರೆ ಹಿಡೀಬೇಡಿ, ಕೈ ಬಿಟ್ಬಿಡಿ."

"ಬೀಳೋದನ್ನ ಹಿಡೀದೆ ಇರೋಕೆ ನಂಗೇನು ಕೈ ಇಲ್ವಾ?"

ಅದೇ ಮುದುಕನ ಭಯ. ಮೂವತ್ತು ವರ್ಷದಲ್ಲಿ ಅವನು ಇಬ್ಬರನ್ನು ಎತ್ತಿ ಜೀಪಿಗೆ ಹಾಕಿದ್ದ. ಇಬ್ಬರೂ ಬೀಳುವ ಸಾಮಾನನ್ನು ಹಿಡಿಯಲು ಹೋದವರೇ. ಮಗಳಿಗೆ ಇದನ್ನು ಎಷ್ಟೋ ಸಲ ಹೇಳಿದ್ದ. "ಶುರುವಾಯ್ತು" ಎಂದು ಅವಳು ಎದ್ದುಹೋಗುತ್ತಿದ್ದಳು.

ಅಳಿಯ ಹಗ್ಗ ಮುಟ್ಟಲಿಲ್ಲ. ಆಂಟೆನಾ ಕಟ್ಟಿದ ಕಂಬವನ್ನು ಎತ್ತಿ ನಿಲ್ಲಿಸಿ ಬುಡಕ್ಕೆ ಒಂದೇ ಬೋಲ್ಟು ಬಿಗಿದು, ಇನ್ನೊಂದನ್ನು ಜೇಬಿನಲ್ಲಿ ತಡಕಾಡುತ್ತಿದ್ದ. ಅಷ್ಟರಲ್ಲಿ ಗಾಳಿ ಬೀಸಿತು. ಆಂಟೆನಾದ ತಲೆ ತಿರುಗಿತು, ಕಂಬ ಮೆಲ್ಲಗೆ ಹಿತ್ತಲ ಕಡೆಗೆ ವಾಲಿತು. ಅಳಿಯ ಎರಡೂ ಕೈಯಲ್ಲಿ ತಬ್ಬಿಕೊಂಡ. ಅವನ ಒಂದು ಪಾದ ಅಂಚಿನಿಂದಾಚೆ ಹೋಯಿತು.

"ಬಿಡೋ! ಲೋ, ಬಿಡೋ!"

ಆ ಕೂಗಿಗೆ ನಾಲ್ಕು ಮನೆಯ ಕಿಟಕಿ ತೆರೆದವು. ಅಳಿಯ ಬೆಚ್ಚಿ ಕೈಬಿಟ್ಟು ಹಿಂದಕ್ಕೆ ಕುಕ್ಕರಿಸಿದ. ಕಂಬ ಬೋಲ್ಟು ಕಿತ್ತುಕೊಂಡು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ಬಡಿದು, ಹೊಸ ಆಂಟೆನಾದ ಕಡ್ಡಿಗಳು ನಾಲ್ಕು ದಿಕ್ಕಿಗೆ ಸೊಟ್ಟಗಾದವು.

ಅಳಿಯ ಇಳಿದು ಬಂದಾಗ ಅವನ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಬಾಯಿಗೆ ಬಂದದ್ದು ಮಾತ್ರ ಬೇರೆ. "ನೀವು ಕಿರುಚದೆ ಇದ್ದಿದ್ರೆ ಹಿಡ್ಕೊಂಡೇಬಿಡ್ತಿದ್ದೆ."

"ಕಾಲು ಆಚೆ ಹೋಗಿತ್ತು, ಗೊತ್ತಾ?"

"ಮುಂದ್ಗಡೆ ಇಟ್ಟಿದ್ರೆ ಬೀಳ್ತಾನೇ ಇರ್ಲಿಲ್ಲ. ಅಲ್ಲಿ ಅಂಚಿಗೆ ಕಟ್ಟೆ ಇದೆ, ಗಾಳಿ ಕಮ್ಮಿ."

"ಅಳಿಯನಿಗೆ ಲೋ ಅಂತಾರಾ ಅಪ್ಪಾ? ಅಕ್ಕಪಕ್ಕದವ್ರೆಲ್ಲ ಕೇಳಿಸ್ಕೊಂಡ್ರು," ಎಂದಳು ಮಗಳು. ಹಾಗೆನ್ನುತ್ತಲೇ ಗಂಡನ ತೋಳು ಹಿಡಿದು, ಗೀರಿದ್ದ ಮೊಣಕೈಯನ್ನು ಸೆರಗಿನಿಂದ ಒರೆಸುತ್ತಿದ್ದಳು.

ಮುದುಕ ಏನು ತೋರಿಸಬಲ್ಲ? ತಂತಿ ಮನೆಯ ಆಚೆ ಬದಿಗೆ ತೆಪ್ಪಗೆ ಜೋತಾಡುತ್ತಿತ್ತು. ಅಳಿಯ ಎರಡು ಕಾಲ ಮೇಲೆ ನಿಂತಿದ್ದ. ಆಗದೇ ಹೋದದ್ದನ್ನು ಎಲ್ಲಿಂದ ತಂದು ಇವರ ಮುಂದಿಡುವುದು? ಅವನು ಒಳಗಿನಿಂದ ಇಕ್ಕುಳ ತಂದು ಕಲ್ಲಿನ ಮೇಲೆ ಕುಳಿತ. ಸೊಟ್ಟಗಾದ ಕಡ್ಡಿಗಳನ್ನು ಒಂದೊಂದಾಗಿ ನೇರ ಮಾಡತೊಡಗಿದ.

ಅಳಿಯ ಸ್ವಲ್ಪ ಹೊತ್ತು ದೂರದಲ್ಲೇ ನಿಂತಿದ್ದ. ಆಮೇಲೆ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಕಡ್ಡಿಯ ಇನ್ನೊಂದು ತುದಿ ಹಿಡಿದುಕೊಂಡ.

"ಹಾಗಲ್ಲ ಮಾವ, ಮುರಿದುಹಾಕ್ತೀರಾ. ಮೆಲ್ಲಗೆ. ಅಯ್ಯೋ, ಹೇಳಿದ್ದು ಕೇಳೋದೇ ಇಲ್ವಲ್ಲ ನೀವು!"