ನೆಲದ ಬಿಸಿ ಬಿಟ್ಟುಹೋದ ಲೆಕ್ಕ

ಕೊರಿಯಾದ ಯೊಂಗ್ಜು ಊರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವಳು ನಾನು. ಅಮ್ಮನನ್ನು ಕೊಂದವಳಿಗೆ ಶಿಕ್ಷೆ ಕೊಡಿಸಲೇಬೇಕೆಂದು ಅಮ್ಮ ಸತ್ತ ಹೊತ್ತಿನ ಲೆಕ್ಕಕ್ಕೆ ಕೂತೆ. ಕೊಂದವಳು ಅಂದರೆ ತಮ್ಮ ದುಸೊಪ್‌ನ ಹೆಂಡತಿ ಓಕ್‌ಬುನ್. ಪೊಲೀಸರು ಅವಳನ್ನು ಜೀಪು ಹತ್ತಿಸುವಾಗ ಕೂದಲು ಹಿಡಿದೆಳೆದು, "ನಿನ್ನ ಮನೆ ಹಾಳಾಗ!" ಅಂತ ಶಪಿಸಿದ್ದೆ. ದುಸೊಪ್ ಅಂಗಳದಲ್ಲಿ ನಿಂತು ನೋಡುತ್ತಿದ್ದ.

ಡಾಕ್ಟರ ವರದಿ ಸರಳವಾಗಿತ್ತು. ಸಂಜೆ ಆರಕ್ಕೆ ಅಮ್ಮನ ಮೈ ಮೂವತ್ಮೂರು ಡಿಗ್ರಿ, ಕೋಣೆಯ ಗಾಳಿ ಹನ್ನೆರಡು. ಹಾಗಾಗಿ ದಿಂಬು ಒತ್ತಿ ಉಸಿರು ಕಟ್ಟಿಸಿದ್ದು ಮಧ್ಯಾಹ್ನ ಎರಡರ ಸುಮಾರಿಗೆ. ಬೆಳಿಗ್ಗೆ ಏಳರಿಂದ ಪಕ್ಕದ ಮನೆಯಲ್ಲಿ ಹತ್ತು ಹೆಂಗಸರ ಜೊತೆ ಚಳಿಗಾಲಕ್ಕೆಂದು ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ ಹಾಕುತ್ತಿದ್ದ ಓಕ್‌ಬುನ್ ಒಂದೂವರೆಗೆ ವಾಪಸು ಬಂದಿದ್ದಳು. ದುಸೊಪ್ ಹತ್ತಕ್ಕೇ ಸಂತೆಗೆ ಹೋಗಿದ್ದ. "ಅತ್ತೆ ಮಲಗಿದ್ದಾರೆ ಅಂದ್ಕೊಂಡೆ" ಅಂದಳು ಓಕ್‌ಬುನ್. ಯಾರು ನಂಬುತ್ತಾರೆ?

ಮೈ ತಣಿಯುವ ಸಮೀಕರಣಕ್ಕೆ ಅಂಕಿ ತುಂಬುವಾಗ ಕೈ ನಿಂತಿತು. ಆ ಸಂಜೆ ಚಪ್ಪಲಿ ಬಿಟ್ಟು ಒಳಗೆ ಹೋದಾಗ ಅಮ್ಮನ ಹಾಸಿಗೆಯ ಪಕ್ಕದ ನೆಲ ಅಂಗಾಲಿಗೆ ಬೆಚ್ಚಗೆ ತಾಕಿತ್ತಲ್ಲ! ನಮ್ಮ ಹಳೇ ಮನೆಯಲ್ಲಿ ಒಲೆಯ ಬಿಸಿ ನೆಲದ ಕಲ್ಲಿನಡಿ ಹಾಯುತ್ತದೆ. ಒಲೆಗೆ ಹತ್ತಿರದ ಜಾಗ ಯಾವತ್ತೂ ಹಿರಿಯರದ್ದು. ಡಾಕ್ಟರು, ಪೊಲೀಸರು ಎಲ್ಲ ಬೂಟಿನಲ್ಲೇ ಒಳಗೆ ಬಂದಿದ್ದರು. ಅವರಿಗೆಲ್ಲಿ ಗೊತ್ತಾಗಬೇಕು, ಅಯ್ಯೋ!

ಬೆಚ್ಚಗಿನ ನೆಲದ ಮೇಲೆ ಮೈ ನಿಧಾನಕ್ಕೆ ತಣಿಯುತ್ತದೆ; ಆ ನೆಲದ ಬಿಸಿಯನ್ನೂ ಸೇರಿಸಿದೆ. ಸಾವಿನ ಹೊತ್ತು ಬೆಳಿಗ್ಗೆ ಒಂಬತ್ತು ಗಂಟೆ ಅಂತ ಬಂತು. ಹಾಳೆ ಹರಿದು ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಅತ್ತ ಇತ್ತ ಅರ್ಧ ಗಂಟೆ, ಅಷ್ಟೇ. ಆ ಹೊತ್ತಿಗೆ ಮನೆಯಲ್ಲಿದ್ದವನು ಒಬ್ಬನೇ.

"ಊಟ ಆಯ್ತಾ ಅಕ್ಕ?" ಅಂದ ದುಸೊಪ್, ನನ್ನನ್ನು ಬಾಗಿಲಲ್ಲಿ ನೋಡಿ.

"ಅವತ್ತು ಒಲೆ ಉರಿಸಿದ್ದು ಯಾರೋ?"

ಅವನು ನನ್ನ ಕೈಯಲ್ಲಿದ್ದ ಹಾಳೆ ನೋಡಿದ. ಅಲ್ಲೇ ನೆಲದ ಮೇಲೆ ಕೂತ.

"ಆರು ವರ್ಷ, ಅಕ್ಕ. ಅಮ್ಮಂಗೆ ಮಗನ ಗುರುತೂ ಇಲ್ಲ, ಹಗಲೂ ರಾತ್ರಿ ಅರಚಾಟ. ನೀನು ಹಬ್ಬಕ್ಕೊಂದ್ಸಲ ಬಂದು ಹಣ್ಣಿನ ಬುಟ್ಟಿ ಇಟ್ಟು ಹೋಗ್ತಿದ್ದೆ."

ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೂ ಕಿರುಚಿದೆ: "ಕಟ್ಕೊಂಡ ಹೆಂಡ್ತಿನ ಜೈಲಿಗೆ ಹಾಕಿಸಿ ಸುಮ್ನೆ ಕೂತ್ಯಲ್ಲೋ, ಪಾಪಿ! ಕೊಂದ್ಮೇಲೆ ಒಲೆ ಯಾಕೋ ಉರಿಸ್ದೆ? ನಮ್ಮ ಕಣ್ಣಿಗೆ ಮಣ್ಣೆರಚೋಕಾ?"

"ಇಲ್ಲಕ್ಕ. ಅಮ್ಮನ ಕಾಲು ತಣ್ಣಗಾಗ್ತಾ ಬಂತು. ಅದಕ್ಕೆ ನಾಲ್ಕು ಕಟ್ಟಿಗೆ ಜಾಸ್ತಿ ಹಾಕ್ದೆ."

ಹಾಳೆಯ ಕೆಳಗೆ ನನ್ನ ಹೆಸರು ಬರೆದು ಠಾಣೆಗೆ ಹೊರಟೆ. ಅವನು ತಡೆಯಲಿಲ್ಲ.

"ಹೊರಗೆ ಚಳಿ ಇದೆ, ಶಾಲು ಹೊದ್ಕೊಂಡು ಹೋಗಕ್ಕ" ಅಂದ.